ಔಷಧದಿಂದ ತೊಂದರೆಯಾದಾಗ ಆಸ್ಪತ್ರೆಯಿಂದ ಹೋಗುವ ವರದಿ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

2024ರ ನವೆಂಬರ್ ತಿಂಗಳಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದ ತಾಯಂದಿರಲ್ಲಿ ಕೆಲವರು ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀವ್ರ ಅಸ್ವಸ್ಥರಾದರು. ಮೂತ್ರಪಿಂಡ ಮೊದಲಾದ ಅಂಗಗಳು ವಿಫಲಗೊಂಡವು. ಒಬ್ಬರ ಹಿಂದೆ ಒಬ್ಬರಂತೆ ಐವರು ತಾಯಂದಿರು ಅಸುನೀಗಿದರು. ಅವರಿಗೆ ರಕ್ತನಾಳದ ಮೂಲಕ ನೀಡಲಾಗಿದ್ದ, ಜನರು ಸಾಮಾನ್ಯವಾಗಿ ‘ಸಲಾಯನ್ ಬಾಟಲಿ’ ಎಂದೇ ಕರೆಯುವ, ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿತು. ಪಶ್ಚಿಮ ಬಂಗಾಳದ ತಯಾರಿಕಾ ಸಂಸ್ಥೆಯೊಂದರಿಂದ ಪೂರೈಕೆಯಾಗಿದ್ದ ಆ ದ್ರಾವಣದ ಬಳಕೆಯನ್ನು ರಾಜ್ಯ ಸರ್ಕಾರವು ರಾಜ್ಯದಾದ್ಯಂತ ನಿಲ್ಲಿಸಿತು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರದಲ್ಲಿಯೂ ಹೆರಿಗೆಯಾದ ತಾಯಿಯೊಬ್ಬರ ಮರಣದ ನಂತರ ಇಂತಹುದೇ ದ್ರಾವಣದ ಬಗ್ಗೆ ಪ್ರಶ್ನೆ ಎದ್ದಿತು.

ಬಳ್ಳಾರಿಯ ಪ್ರಕರಣದಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಅದೇ ಸಂಸ್ಥೆಯ ದ್ರಾವಣದ ಕೆಲವು ಬ್ಯಾಚ್‌ಗಳು ಸರಿಯಿಲ್ಲವೆಂದು ರಾಜ್ಯದ ಪ್ರಯೋಗಾಲಯವು ಮೊದಲೇ ವರದಿ ನೀಡಿತ್ತು. ಅವುಗಳಲ್ಲಿ ಕೆಲವು ಸರಿಯಾಗಿವೆಯೆಂದು ಕೇಂದ್ರದ ಪ್ರಯೋಗಾಲಯವು ವರದಿ ನೀಡಿತ್ತು. ಪ್ರಯೋಗಾಲಯಗಳ ನಡುವೆಯೇ ಭಿನ್ನಾಭಿಪ್ರಾಯವಿರುವಾಗ ಔಷಧದ ನಿಜವಾದ ಗುಣವನ್ನು ಮೊದಲು ಕಾಣುವವರು ರೋಗಿಯ ಪಕ್ಕದಲ್ಲಿರುವ ಶುಶ್ರೂಷಾಧಿಕಾರಿ ಮತ್ತು ವೈದ್ಯರೇ ಆಗಿರುತ್ತಾರೆ. ಅವರು ಕಂಡದ್ದನ್ನು ಕಂಡ ದಿನವೇ ಬರೆದು ಕಳುಹಿಸುವ ವ್ಯವಸ್ಥೆಯೊಂದು ದೇಶದಲ್ಲಿದೆ. ಈ ವ್ಯವಸ್ಥೆ ಯಾವುದು, ಅದು ಹೇಗೆ ನಡೆಯುತ್ತದೆ ಮತ್ತು ಅದರಲ್ಲಿ ಗ್ರಾಮ ಪಂಚಾಯತಿ ಸದಸ್ಯರ ಪಾತ್ರವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಪರೀಕ್ಷೆಯಾದ ಔಷಧದಿಂದಲೂ ತೊಂದರೆ ಏಕೆ?

ಕುಡಿಯುವ ನೀರಿನ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಓವರ್‌ಹೆಡ್ ಟ್ಯಾಂಕಿನಿಂದ ತೆಗೆದ ನೀರಿನ ಮಾದರಿ ಪ್ರಯೋಗಾಲಯದಲ್ಲಿ ಉತ್ತೀರ್ಣವಾಗಿರುತ್ತದೆ. ಆದರೂ ಒಂದು ಓಣಿಯಲ್ಲಿ ಮಾತ್ರ ವಾಂತಿ-ಭೇದಿ ಕಾಣಿಸಿಕೊಳ್ಳುತ್ತದೆ. ಪೈಪು ಒಡೆದು ಚರಂಡಿಯ ನೀರು ಸೇರಿದ ಜಾಗ ಟ್ಯಾಂಕಿನಲ್ಲಿಲ್ಲ, ಓಣಿಯಲ್ಲಿದೆ. ಯಾವ ಓಣಿ, ಯಾವ ದಿನ, ಎಷ್ಟು ಮನೆ ಎಂಬ ಮಾಹಿತಿ ಬಂದಾಗಲೇ ನೀರುಗಂಟಿಯು ಆ ಜಾಗವನ್ನು ಹುಡುಕಬಲ್ಲನು. ಔಷಧದ ವಿಷಯವೂ ಹೀಗೆಯೇ. ಮಾದರಿಯ ಪರೀಕ್ಷೆ ಅಗತ್ಯ. ಆದರೆ ಬಳಸಿದವರಿಂದ ಬರುವ ಮಾಹಿತಿಯಿಲ್ಲದೆ ಅದು ಪೂರ್ಣವಾಗುವುದಿಲ್ಲ.

ಇದಕ್ಕೆ ಎರಡನೆಯ ಕಾರಣವು ಸಂಖ್ಯೆಗೆ ಸಂಬಂಧಿಸಿದ್ದು. ಹೊಸ ಔಷಧವೊಂದನ್ನು ಮಾರುಕಟ್ಟೆಗೆ ಬರುವ ಮೊದಲು 3,000 ಜನರ ಮೇಲೆ ಪ್ರಯೋಗಿಸಲಾಗಿದೆ ಎಂದು ಭಾವಿಸೋಣ. ಆ ಔಷಧದಿಂದ 10,000 ಜನರಲ್ಲಿ ಒಬ್ಬರಿಗೆ ಗಂಭೀರ ತೊಂದರೆಯಾಗುವುದಿದ್ದರೆ, ಪ್ರಯೋಗದ 3,000 ಜನರಲ್ಲಿ ಅದು ಒಬ್ಬರಲ್ಲಿಯೂ ಕಾಣಿಸದೆ ಹೋಗುವ ಸಾಧ್ಯತೆಯೇ ಹೆಚ್ಚು. ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ 18,89,752. ಇವರಲ್ಲಿ ಒಂದು ಲಕ್ಷ ಜನರು ಆ ಔಷಧವನ್ನು ಸೇವಿಸಿದರೆ ಸುಮಾರು ಹತ್ತು ಜನರಿಗೆ ತೊಂದರೆಯಾಗುತ್ತದೆ. ಆ ಹತ್ತು ಜನರಲ್ಲಿ ಇಬ್ಬರು ಬಾದಾಮಿಯಲ್ಲಿ, ಒಬ್ಬರು ಹುನಗುಂದದಲ್ಲಿ, ಮತ್ತೊಬ್ಬರು ಇಳಕಲ್ಲಿನಲ್ಲಿ, ಹೀಗೆ ಬೇರೆ ಬೇರೆ ವೈದ್ಯರ ಬಳಿಗೆ ಹೋಗುತ್ತಾರೆ. ಪ್ರತಿಯೊಬ್ಬ ವೈದ್ಯರೂ ಕಾಣುವುದು ಒಂದೇ ಪ್ರಕರಣ. ಅದು ಆಕಸ್ಮಿಕವೆಂದು ಅವರಿಗೆ ತೋರುವುದು ಸಹಜ. ಹತ್ತೂ ಪ್ರಕರಣಗಳು ಒಂದೇ ಮೇಜಿನ ಮೇಲೆ ಸೇರಿದಾಗ ಮಾತ್ರ ಅವುಗಳ ನಡುವಿನ ಸಂಬಂಧ ಗೋಚರಿಸುತ್ತದೆ. ವರದಿಯ ಉದ್ದೇಶ ಇಷ್ಟೇ: ಚದುರಿಹೋದ ಪ್ರಕರಣಗಳನ್ನು ಒಂದು ಮೇಜಿನ ಮೇಲೆ ತರುವುದು.

ವ್ಯವಸ್ಥೆ ಬೆಳೆದುಬಂದ ಬಗೆ

ಈ ಪಾಠವನ್ನು ಜಗತ್ತು ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೋಮೈಡ್ ಎಂಬ ಔಷಧವನ್ನು ಅನೇಕ ದೇಶಗಳಲ್ಲಿ ಗರ್ಭಿಣಿಯರ ವಾಕರಿಕೆಗೂ ನೀಡಲಾಯಿತು. ಅದರ ಪರಿಣಾಮವಾಗಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳ ಊನದೊಂದಿಗೆ ಜನಿಸಿದರೆಂದು ಅಂದಾಜಿಸಲಾಗಿದೆ. 1961ರಲ್ಲಿ ಆಸ್ಟ್ರೇಲಿಯಾದ ವೈದ್ಯ ವಿಲಿಯಂ ಮೆಕ್‌ಬ್ರೈಡ್ ಅವರು ವೈದ್ಯಕೀಯ ಪತ್ರಿಕೆಯೊಂದಕ್ಕೆ ಚಿಕ್ಕ ಪತ್ರ ಬರೆದು, ತಾವು ಕಂಡ ಇಂತಹ ಪ್ರಕರಣಗಳನ್ನು ತಿಳಿಸಿ, ಬೇರೆಯವರೂ ಕಂಡಿರುವರೇ ಎಂದು ವಿಚಾರಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಔಷಧವನ್ನು ಹಿಂತೆಗೆದುಕೊಳ್ಳಲಾಯಿತು. ಇಂತಹ ಮಾಹಿತಿಗಾಗಿ ಒಬ್ಬ ವೈದ್ಯರ ಪತ್ರವನ್ನೇ ಕಾಯುತ್ತ ಕುಳಿತುಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1968ರಲ್ಲಿ ಅಂತರರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮವನ್ನು ಆರಂಭಿಸಿತು. ಇದರ ಕೇಂದ್ರವು ಇಂದು ಸ್ವೀಡನ್ ದೇಶದ ಉಪ್ಸಾಲಾ ನಗರದಲ್ಲಿದೆ.

ಭಾರತದಲ್ಲಿ ಇಂದು ಜಾರಿಯಲ್ಲಿರುವ ‘ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ’ವು 2010ರ ಜುಲೈ ತಿಂಗಳಿನಲ್ಲಿ ಆರಂಭವಾಯಿತು. ಮೊದಲು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿದ್ದ ಇದರ ರಾಷ್ಟ್ರೀಯ ಸಮನ್ವಯ ಕೇಂದ್ರವು 2011ರ ಏಪ್ರಿಲ್‌ನಿಂದ ಉತ್ತರ ಪ್ರದೇಶದ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಲ್ಲಿ ಕಾರ್ಯನಿರ್ವಹಿಸುತ್ತಿದೆ. ದೇಶದ ವಿವಿಧ ವೈದ್ಯಕೀಯ ಕಾಲೇಜು ಹಾಗೂ ದೊಡ್ಡ ಆಸ್ಪತ್ರೆಗಳಲ್ಲಿ ಇದರ ನಿಗಾ ಕೇಂದ್ರಗಳಿವೆ. ಸಾಮಾನ್ಯವಾಗಿ ಕಾಲೇಜಿನ ಔಷಧಶಾಸ್ತ್ರ ವಿಭಾಗವು ಈ ಕೆಲಸವನ್ನು ನೋಡಿಕೊಳ್ಳುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ 17ರಿಂದ 23ರವರೆಗೆ ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ ಸಪ್ತಾಹವನ್ನು ಆಚರಿಸಲಾಗುತ್ತದೆ.

ಯಾರು ವರದಿ ಮಾಡಬಹುದು, ಏನನ್ನು ಬರೆಯಬೇಕು?

ವರದಿ ಮಾಡುವುದು ವೈದ್ಯರ ಕೆಲಸ ಮಾತ್ರವೆಂಬ ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ವೈದ್ಯರು, ದಂತವೈದ್ಯರು, ಶುಶ್ರೂಷಾಧಿಕಾರಿಗಳು, ಫಾರ್ಮಸಿ ಅಧಿಕಾರಿಗಳು ಹಾಗೂ ಇತರ ಆರೋಗ್ಯ ಸಿಬ್ಬಂದಿ, ಇವರಲ್ಲಿ ಯಾರು ಬೇಕಾದರೂ ವರದಿ ಮಾಡಬಹುದು. ರೋಗಿ ಅಥವಾ ಅವರ ಮನೆಯವರೂ ವರದಿ ಮಾಡಬಹುದು. ಅವರಿಗಾಗಿ ಪ್ರತ್ಯೇಕ ನಮೂನೆಯಿದ್ದು, ಅದು ಕನ್ನಡದಲ್ಲಿಯೂ ಲಭ್ಯವಿದೆ. ಗ್ರಾಮ ಮಟ್ಟದಲ್ಲಿ ಆಶಾ ಕಾರ್ಯಕರ್ತೆಯರು ವಿಷಯವನ್ನು ಸಮುದಾಯ ಆರೋಗ್ಯ ಅಧಿಕಾರಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಲುಪಿಸಿದರೆ ಅಲ್ಲಿಂದ ವರದಿಯು ಮುಂದುವರಿಯುತ್ತದೆ.

ಆಸ್ಪತ್ರೆ ಸಿಬ್ಬಂದಿಗಾಗಿ ಇರುವ ‘ಶಂಕಿತ ಔಷಧ ಪ್ರತಿಕೂಲ ಪರಿಣಾಮ ವರದಿ ನಮೂನೆ’ಯಲ್ಲಿ ಹಲವು ಅಂಕಣಗಳಿದ್ದರೂ ವರದಿಯನ್ನು ಸ್ವೀಕರಿಸಲು ನಾಲ್ಕು ಸಂಗತಿಗಳು ಅತ್ಯಗತ್ಯ.

1. ರೋಗಿಯ ಗುರುತು. ಪೂರ್ಣ ಹೆಸರಿನ ಅಗತ್ಯವಿಲ್ಲ. ಹೆಸರಿನ ಮೊದಲಕ್ಷರಗಳು, ವಯಸ್ಸು, ಲಿಂಗ ಸಾಕು.
2. ಕಂಡುಬಂದ ತೊಂದರೆ. ಅದು ಯಾವ ದಿನ ಆರಂಭವಾಯಿತು, ಏನಾಯಿತು, ಏನು ಚಿಕಿತ್ಸೆ ನೀಡಲಾಯಿತು.
3. ಸಂಶಯವಿರುವ ಔಷಧ. ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಪ್ರಮಾಣ, ಯಾವ ಕಾಯಿಲೆಗೆ ನೀಡಲಾಯಿತು, ಯಾವ ದಿನದಿಂದ ಯಾವ ದಿನದವರೆಗೆ.
4. ವರದಿ ಮಾಡಿದವರ ಹೆಸರು ಮತ್ತು ಸಂಪರ್ಕ.

ಇವುಗಳ ಜೊತೆಗೆ, ರೋಗಿಯು ಅದೇ ಅವಧಿಯಲ್ಲಿ ಸೇವಿಸುತ್ತಿದ್ದ ಇತರ ಔಷಧಗಳನ್ನೂ ನಮೂದಿಸಬೇಕು. ಅಂಗಡಿಯಿಂದ ತಾವಾಗಿಯೇ ತಂದ ನೋವಿನ ಗುಳಿಗೆ, ನಾಟಿ ಔಷಧ, ಗಿಡಮೂಲಿಕೆಯ ಪುಡಿ ಎಲ್ಲವೂ ಇದರಲ್ಲಿ ಸೇರುತ್ತವೆ. ಜನರು ಇವುಗಳನ್ನು ಔಷಧವೆಂದೇ ಪರಿಗಣಿಸದಿರುವುದರಿಂದ ವೈದ್ಯರ ಮುಂದೆ ಹೇಳುವುದಿಲ್ಲ. ಕುಣಿಮಗ್ಗದಲ್ಲಿ ದಿನವಿಡೀ ಕುಳಿತು ನೇಯುವವರಾಗಲಿ, ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವವರಾಗಲಿ, ಬೆನ್ನು-ಮೊಣಕಾಲು ನೋವಿಗೆ ತಿಂಗಳುಗಟ್ಟಲೆ ಗುಳಿಗೆ ಸೇವಿಸುವುದುಂಟು. ಇಂತಹ ನೋವಿನ ಗುಳಿಗೆಗಳಲ್ಲಿ ಹಲವು ದೀರ್ಘಕಾಲ ಸೇವಿಸಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಮತ್ತು ಮೂತ್ರಪಿಂಡಗಳ ಹಾನಿಗೆ ಕಾರಣವಾಗಬಲ್ಲವು. ಆಸ್ಪತ್ರೆಯಲ್ಲಿ ಕೊಟ್ಟ ಔಷಧದ ಮೇಲೆ ಸಂಶಯ ಬಂದಾಗ, ಮನೆಯಲ್ಲಿ ಸೇವಿಸಿದ ಗುಳಿಗೆಯೇ ಕಾರಣವಾಗಿರುವ ಸಾಧ್ಯತೆಯೂ ಇರುತ್ತದೆ. ಎರಡೂ ವಿಷಯ ನಮೂನೆಯಲ್ಲಿದ್ದರೆ ಮಾತ್ರ ಪರಿಶೀಲನೆ ಸರಿಯಾಗಿ ನಡೆಯುತ್ತದೆ.

ಈ ಔಷಧದಿಂದಲೇ ತೊಂದರೆಯಾಯಿತು ಎಂಬ ಖಚಿತತೆ ವರದಿಗೆ ಬೇಕಿಲ್ಲ. ಸಂಶಯವಿದ್ದರೆ ಸಾಕು. ನಮೂನೆಯ ಹೆಸರಿನಲ್ಲಿಯೇ ‘ಶಂಕಿತ’ ಎಂಬ ಪದವಿರುವುದು ಇದೇ ಕಾರಣಕ್ಕೆ. ಸಾವು, ಜೀವಕ್ಕೆ ಅಪಾಯ, ಆಸ್ಪತ್ರೆಗೆ ದಾಖಲಾಗುವ ಅಥವಾ ಹೆಚ್ಚು ದಿನ ಉಳಿಯುವ ಸ್ಥಿತಿ, ಅಂಗವೈಕಲ್ಯ ಹಾಗೂ ಹುಟ್ಟುವ ಮಗುವಿನಲ್ಲಿ ಊನ, ಇವುಗಳನ್ನು ಗಂಭೀರ ಪರಿಣಾಮಗಳೆಂದು ಪರಿಗಣಿಸಿ ವಿಳಂಬವಿಲ್ಲದೆ ವರದಿ ಮಾಡಬೇಕಾಗುತ್ತದೆ.

ವರದಿಯು ಸಾಗುವ ದಾರಿ

ಭರ್ತಿ ಮಾಡಿದ ನಮೂನೆಯು ಸಮೀಪದ ನಿಗಾ ಕೇಂದ್ರಕ್ಕೆ ಅಥವಾ ನೇರವಾಗಿ ಗಾಜಿಯಾಬಾದಿನ ರಾಷ್ಟ್ರೀಯ ಕೇಂದ್ರಕ್ಕೆ ಹೋಗುತ್ತದೆ. ಕಾಗದದ ನಮೂನೆಯಲ್ಲದೆ ಮೊಬೈಲ್ ಆ್ಯಪ್, ಆನ್‌ಲೈನ್ ತಂತ್ರಾಂಶ ಹಾಗೂ 1800-180-3024 ಎಂಬ ಉಚಿತ ಸಹಾಯವಾಣಿಯ ಮೂಲಕವೂ ವರದಿ ಮಾಡಬಹುದು. ಸಹಾಯವಾಣಿಯು ಕೆಲಸದ ದಿನಗಳಲ್ಲಿ ಕಚೇರಿ ವೇಳೆಯಲ್ಲಿ ಕಾರ್ಯನಿರ್ವಹಿಸುತ್ತದೆ. ಇದು ತುರ್ತು ಚಿಕಿತ್ಸೆಯ ಸಂಖ್ಯೆಯಲ್ಲ ಎಂಬುದನ್ನು ಜನರಿಗೆ ಸ್ಪಷ್ಟವಾಗಿ ತಿಳಿಸಬೇಕು. ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ಮೊದಲು 108 ಆಂಬುಲೆನ್ಸ್, ಅನಂತರ ವರದಿ.

ನಿಗಾ ಕೇಂದ್ರದಲ್ಲಿ ತಜ್ಞರು ಪ್ರತಿ ವರದಿಯನ್ನು ಪರಿಶೀಲಿಸಿ, ಔಷಧಕ್ಕೂ ತೊಂದರೆಗೂ ಇರುವ ಸಂಬಂಧವು ಖಚಿತವೇ, ಬಹುತೇಕ ಸಂಭವನೀಯವೇ, ಸಾಧ್ಯವೇ ಅಥವಾ ಅಸಂಭವವೇ ಎಂದು ವರ್ಗೀಕರಿಸುತ್ತಾರೆ. ಔಷಧ ಸೇವನೆಗೂ ತೊಂದರೆಗೂ ನಡುವಿನ ಕಾಲಾವಧಿ ಹೊಂದುತ್ತದೆಯೇ, ಔಷಧ ನಿಲ್ಲಿಸಿದಾಗ ತೊಂದರೆ ಕಡಿಮೆಯಾಯಿತೇ, ಬೇರೆ ಕಾಯಿಲೆ ಕಾರಣವಾಗಿರಬಹುದೇ ಎಂಬ ಪ್ರಶ್ನೆಗಳು ಇದಕ್ಕೆ ಆಧಾರ. ಬಳಿಕ ದೇಶದ ವಿವಿಧೆಡೆಯಿಂದ ಬಂದ ವರದಿಗಳನ್ನು ರಾಷ್ಟ್ರೀಯ ಕೇಂದ್ರವು ಒಟ್ಟುಗೂಡಿಸಿ ಪರಿಶೀಲಿಸುತ್ತದೆ. ಹೊಸ ಅಪಾಯ ಕಂಡುಬಂದಲ್ಲಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗೆ ಶಿಫಾರಸು ಮಾಡುತ್ತದೆ. ಔಷಧದ ಜೊತೆಗಿನ ಮಾಹಿತಿ ಪತ್ರದಲ್ಲಿ ಎಚ್ಚರಿಕೆ ಸೇರಿಸುವುದು, ಬಳಕೆಗೆ ಮಿತಿ ಹಾಕುವುದು ಅಥವಾ ನಿಷೇಧಿಸುವುದು ಇವು ನಂತರದ ಕ್ರಮಗಳಾಗಿರುತ್ತವೆ.

ಇದರ ಫಲಕ್ಕೆ ಒಂದು ಉದಾಹರಣೆ: ಮುಟ್ಟಿನ ಹೊಟ್ಟೆನೋವು ಮತ್ತು ಜ್ವರಕ್ಕೆ ಹಳ್ಳಿಗಳಲ್ಲಿಯೂ ಧಾರಾಳವಾಗಿ ಬಳಕೆಯಾಗುವ ಮೆಫೆನಾಮಿಕ್ ಆಮ್ಲದ ಗುಳಿಗೆಯ ಬಗ್ಗೆ ಭಾರತೀಯ ಫಾರ್ಮಕೋಪಿಯಾ ಆಯೋಗವು 2023ರ ನವೆಂಬರ್ 30ರಂದು ಎಚ್ಚರಿಕೆ ಹೊರಡಿಸಿತು. ದೇಶದೊಳಗಿನಿಂದ ಬಂದ ವರದಿಗಳ ಪ್ರಾಥಮಿಕ ವಿಶ್ಲೇಷಣೆಯೇ ಇದಕ್ಕೆ ಆಧಾರ. ಈ ಗುಳಿಗೆಯಿಂದ ವಿರಳವಾಗಿ ಜ್ವರ, ಚರ್ಮದ ದದ್ದು ಮತ್ತು ಒಳ ಅಂಗಗಳ ಹಾನಿಯನ್ನು ಒಳಗೊಂಡ ತೀವ್ರ ಅಲರ್ಜಿ ಉಂಟಾಗಬಹುದೆಂದು ಅದರಲ್ಲಿ ತಿಳಿಸಲಾಗಿತ್ತು. ಇಂತಹ ಅಲರ್ಜಿಯು ಔಷಧ ಸೇವಿಸಿದ ಎರಡರಿಂದ ಎಂಟು ವಾರಗಳ ನಂತರವೂ ಕಾಣಿಸಿಕೊಳ್ಳಬಹುದು. ಅಷ್ಟು ದಿನಗಳಾದ ಮೇಲೆ ಗುಳಿಗೆಯ ಹೆಸರು ಯಾರಿಗೂ ನೆನಪಿರುವುದಿಲ್ಲ. ಗುಳಿಗೆಯ ಪಟ್ಟಿಯನ್ನು ಎಸೆಯದೆ ಇಟ್ಟುಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿಯೇ.

ದುಡಿಮೆಗಾಗಿ ಗೋವಾ, ಮಂಗಳೂರು ಮೊದಲಾದ ಕಡೆಗೆ ಹೋಗಿ ಬರುವ ಕುಟುಂಬಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಸೇವಿಸಿದ ಔಷಧದ ತೊಂದರೆ ಊರಿಗೆ ಬಂದ ಮೇಲೆ ಕಾಣಿಸಿಕೊಂಡರೆ, ಇಲ್ಲಿಯ ವೈದ್ಯಾಧಿಕಾರಿಗೆ ಆಧಾರವಾಗುವುದು ಕಿಸೆಯಲ್ಲಿ ಉಳಿದ ಪಟ್ಟಿ ಅಥವಾ ಚೀಟಿ ಮಾತ್ರ.

ವರದಿ ದೂರಲ್ಲ

ಇಷ್ಟೆಲ್ಲ ಸೌಲಭ್ಯವಿದ್ದರೂ ಕಂಡ ಪ್ರಕರಣಗಳೆಲ್ಲ ವರದಿಯಾಗುವುದಿಲ್ಲ. ಇದು ಭಾರತಕ್ಕೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ಎಲ್ಲ ದೇಶಗಳಲ್ಲಿಯೂ ಇದೆ. ಕೆಲಸದ ಒತ್ತಡ, ನಮೂನೆಯ ಬಗ್ಗೆ ಅರಿವಿನ ಕೊರತೆ, ಖಚಿತವಿಲ್ಲದೆ ಹೇಗೆ ಬರೆಯುವುದೆಂಬ ಹಿಂಜರಿಕೆ ಇವು ಕೆಲವು ಕಾರಣಗಳು. ಇನ್ನೊಂದು ಕಾರಣವೆಂದರೆ ಭಯ. ‘ನಾನೇ ಬರೆದುಕೊಟ್ಟರೆ ನನ್ನ ತಪ್ಪೆಂದು ಆಗುತ್ತದೆ’ ಎಂಬ ಆತಂಕ ಶುಶ್ರೂಷಾಧಿಕಾರಿಯಿಂದ ವೈದ್ಯಾಧಿಕಾರಿಯವರೆಗೆ ಎಲ್ಲರಲ್ಲಿಯೂ ಇರುತ್ತದೆ.

ಈ ಭಯಕ್ಕೆ ನಮೂನೆಯಲ್ಲಿಯೇ ಉತ್ತರವಿದೆ. ರೋಗಿಯ ಗುರುತನ್ನು ಗೋಪ್ಯವಾಗಿಡಲಾಗುತ್ತದೆ. ವರದಿ ಸಲ್ಲಿಸುವುದರಿಂದ ವೈದ್ಯಕೀಯ ಸಿಬ್ಬಂದಿಯಾಗಲಿ, ತಯಾರಕರಾಗಲಿ, ಔಷಧವಾಗಲಿ ತೊಂದರೆಗೆ ಕಾರಣವೆಂದು ಒಪ್ಪಿಕೊಂಡಂತಾಗುವುದಿಲ್ಲ. ವರದಿ ಮಾಡಿದವರ ಮೇಲೆ ಅದರಿಂದ ಯಾವುದೇ ಕಾನೂನಾತ್ಮಕ ಪರಿಣಾಮ ಉಂಟಾಗುವುದಿಲ್ಲ.

ಆದರೆ ಕಾಗದದ ಮೇಲಿನ ಈ ರಕ್ಷಣೆ ಊರಿನಲ್ಲಿಯೂ ಉಳಿಯಬೇಕಾದರೆ ಜನಪ್ರತಿನಿಧಿಗಳ ನಡವಳಿಕೆ ನಿರ್ಣಾಯಕ. ಔಷಧದಿಂದ ತೊಂದರೆಯಾಯಿತೆಂದು ಬರೆದ ಶುಶ್ರೂಷಾಧಿಕಾರಿಯ ಮುಂದೆ ಮರುದಿನ ಗುಂಪು ಸೇರಿ ಗಲಾಟೆ ಮಾಡಿದರೆ, ಆ ಆಸ್ಪತ್ರೆಯಿಂದ ಮುಂದಿನ ವರದಿ ಹೋಗುವುದಿಲ್ಲ. ಕೇಸ್ ಶೀಟಿನಲ್ಲಿ ‘ತೊಂದರೆಯೇನೂ ಇಲ್ಲ’ ಎಂಬ ಸಾಲು ಬರುತ್ತದೆ. ಅದೇ ಬ್ಯಾಚಿನ ಔಷಧವು ಪಕ್ಕದ ಊರಿನ ಆಸ್ಪತ್ರೆಯಲ್ಲಿ ಬಳಕೆಯಾಗುತ್ತಲೇ ಇರುತ್ತದೆ. ನಿರ್ಲಕ್ಷ್ಯದ ಬಗ್ಗೆ ದೂರು ನೀಡುವ ಹಕ್ಕು ಜನರಿಗೆ ಇದ್ದೇ ಇದೆ. ಅದಕ್ಕೆ ಬೇರೆ ದಾರಿಗಳೂ ಇವೆ. ಆದರೆ ಔಷಧದ ವರದಿಯನ್ನು ಆ ದೂರಿಗೆ ಆಯುಧವಾಗಿ ಬಳಸಿದರೆ ಎರಡೂ ಕೆಡುತ್ತವೆ.

ಲಸಿಕೆ ಮತ್ತು ಸಾಮೂಹಿಕ ಔಷಧ ಸೇವನೆ

ಲಸಿಕೆಯ ನಂತರ ಕಂಡುಬರುವ ತೊಂದರೆಗಳಿಗೆ ಪ್ರತ್ಯೇಕ ವರದಿ ಕ್ರಮವಿದೆ. ಲಸಿಕೆ ಪಡೆದ ಮಗುವನ್ನು ಅರ್ಧ ಗಂಟೆ ಸ್ಥಳದಲ್ಲಿಯೇ ಕೂರಿಸಿಕೊಳ್ಳುವುದು ಈ ಕ್ರಮದ ಭಾಗವೇ ಆಗಿದೆ. ಸಾವು, ಆಸ್ಪತ್ರೆಗೆ ದಾಖಲಾತಿ ಅಥವಾ ಒಂದೇ ಕಡೆ ಹಲವು ಮಕ್ಕಳಿಗೆ ತೊಂದರೆಯಾದರೆ ವೈದ್ಯಾಧಿಕಾರಿಯು ಕೂಡಲೇ ಮೇಲಧಿಕಾರಿಗಳಿಗೆ ತಿಳಿಸಿ, ನಿಗದಿತ ನಮೂನೆಯಲ್ಲಿ ವರದಿ ಸಲ್ಲಿಸಬೇಕು. ಬಳಸಿದ ಲಸಿಕೆಯ ಸೀಸೆಯನ್ನು ತನಿಖೆಗಾಗಿ ಕಾಯ್ದಿರಿಸಬೇಕು. ಇಂತಹ ಸಂದರ್ಭದಲ್ಲಿ ತೊಂದರೆಗೆ ಲಸಿಕೆಯೇ ಕಾರಣವಾಗಿರಬೇಕೆಂದಿಲ್ಲ. ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ದ್ರಾವಕ ಸೇರಿಸಿದ ನಂತರ ನಾಲ್ಕು ಗಂಟೆಯೊಳಗೆ ಬಳಸಬೇಕು. ಈ ನಿಯಮ ತಪ್ಪಿದರೂ ಅಪಾಯವಾಗಬಹುದು. ಕಾರಣವು ಲಸಿಕೆಯಲ್ಲಿದೆಯೋ, ನೀಡಿದ ಕ್ರಮದಲ್ಲಿದೆಯೋ ಅಥವಾ ಮಗುವಿಗೆ ಮೊದಲೇ ಇದ್ದ ಬೇರೆ ಕಾಯಿಲೆಯಲ್ಲಿದೆಯೋ ಎಂಬುದನ್ನು ತನಿಖೆಯು ತೀರ್ಮಾನಿಸುತ್ತದೆ. ಅಲ್ಲಿಯವರೆಗೆ ಮೊಬೈಲ್ ಸಂದೇಶಗಳ ಮೂಲಕ ತೀರ್ಪು ಹೊರಡಿಸುವುದರಿಂದ ಊರಿನ ಉಳಿದ ಮಕ್ಕಳು ಲಸಿಕೆಯಿಂದ ವಂಚಿತರಾಗುತ್ತಾರೆ.

ಆನೆಕಾಲು ರೋಗ ನಿವಾರಣೆಗಾಗಿ ಸಾಮೂಹಿಕವಾಗಿ ಔಷಧ ನುಂಗಿಸುವ ಕಾರ್ಯಕ್ರಮ ಬಾಗಲಕೋಟೆ ಜಿಲ್ಲೆಗೆ ಹೊಸದಲ್ಲ. ಶಾಲೆಗಳಲ್ಲಿ ಜಂತುಹುಳು ನಿವಾರಣೆಯ ಅಲ್ಬೆಂಡಜೋಲ್ ಗುಳಿಗೆಯನ್ನೂ ನೀಡಲಾಗುತ್ತದೆ. ದೇಹದೊಳಗೆ ಹುಳುಗಳು ಸಾಯುವಾಗ ಕೆಲವರಿಗೆ ಜ್ವರ, ತಲೆನೋವು, ವಾಕರಿಕೆ ಬರುವುದುಂಟು. ಇದು ಬಹುಮಟ್ಟಿಗೆ ತಾನಾಗಿಯೇ ಶಮನವಾಗುತ್ತದೆ. ಆದರೂ ಅದನ್ನು ನಿರ್ಲಕ್ಷಿಸದೆ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು.

ಔಷಧ ನಿಲ್ಲಿಸುವ ಮೊದಲು

ಗ್ರಾಮ ಪಂಚಾಯತಿ ಸದಸ್ಯರ ಮನೆ ಬಾಗಿಲಿಗೆ ಬಂದು ‘ಗುಳಿಗಿ ತಗೊಂಡ ಮ್ಯಾಲ ಮೈಯೆಲ್ಲಾ ತುರಸಾಕತ್ತೈತ್ರಿ, ಬಿಟ್ಟಬಿಡ್ಲೇನ್ರಿ?’ ಎಂದು ಕೇಳುವವರಿರುತ್ತಾರೆ. ಇಂತಹ ಪ್ರಶ್ನೆಗೆ ‘ಬಿಡು’ ಎಂದಾಗಲಿ ‘ನುಂಗು’ ಎಂದಾಗಲಿ ಉತ್ತರಿಸದೆ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದೇ ಸರಿಯಾದ ಕ್ರಮ.

ಕ್ಷಯರೋಗದ ಚಿಕಿತ್ಸೆ ಇದಕ್ಕೆ ಉತ್ತಮ ಉದಾಹರಣೆ. ರಿಫಾಂಪಿಸಿನ್ ಔಷಧದಿಂದ ಮೂತ್ರವು ಕೇಸರಿ-ಕೆಂಪು ಬಣ್ಣಕ್ಕೆ ತಿರುಗುತ್ತದೆ, ಇದರಿಂದ ಹಾನಿಯಿಲ್ಲ. ಆದರೆ ಅದೇ ಚಿಕಿತ್ಸೆಯ ಅವಧಿಯಲ್ಲಿ ಕಣ್ಣು ಹಳದಿಯಾಗಿ, ಊಟ ಸೇರದೆ, ವಾಂತಿಯಾಗುತ್ತಿದ್ದರೆ ಅದು ಯಕೃತ್ತಿನ ಹಾನಿಯ ಲಕ್ಷಣವಾಗಿರಬಹುದು. ಎಥಾಂಬ್ಯುಟಾಲ್ ಔಷಧ ಸೇವಿಸುವವರಲ್ಲಿ ದೃಷ್ಟಿ ಮಂದವಾದರೆ ಅದೂ ಅಪಾಯದ ಸೂಚನೆ. ಮೊದಲನೆಯದಕ್ಕೆ ಹೆದರಿ ಔಷಧ ಬಿಟ್ಟರೆ ರೋಗ ಮರುಕಳಿಸಿ ಔಷಧಕ್ಕೆ ಜಗ್ಗದ ಕ್ಷಯವಾಗಬಹುದು. ಉಳಿದವುಗಳನ್ನು ಅಲಕ್ಷಿಸಿ ಔಷಧ ಮುಂದುವರಿಸಿದರೆ ಜೀವಕ್ಕೆ ಅಥವಾ ದೃಷ್ಟಿಗೆ ಕುತ್ತು. ಈ ವ್ಯತ್ಯಾಸವನ್ನು ವೈದ್ಯಾಧಿಕಾರಿಯೇ ನಿರ್ಧರಿಸಬೇಕು. ರಕ್ತದೊತ್ತಡ, ಮಧುಮೇಹ, ಮೂರ್ಛೆರೋಗದ ಔಷಧಗಳ ವಿಷಯದಲ್ಲಿಯೂ ಇದೇ ಎಚ್ಚರ ಅನ್ವಯಿಸುತ್ತದೆ.

ಮುಖ-ನಾಲಿಗೆ ಊದುವುದು, ಉಸಿರಾಟದ ತೊಂದರೆ, ಮೈಮೇಲೆ ಬೊಬ್ಬೆಗಳೆದ್ದು ಬಾಯಿ-ಕಣ್ಣುಗಳಲ್ಲಿ ಹುಣ್ಣಾಗುವುದು, ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಅಥವಾ ನಿಲ್ಲುವುದು, ಫಿಟ್ಸ್ ಬರುವುದು, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದೇ ಲಕ್ಷಣ ಕಂಡರೂ ಮುಂದಿನ ಡೋಸ್ ತೆಗೆದುಕೊಳ್ಳುವ ಮೊದಲೇ ಆಸ್ಪತ್ರೆಗೆ ಹೋಗಬೇಕು.

ಔಷಧವೇ ಕಳಪೆಯಾಗಿದ್ದರೆ

ಸರಿಯಾದ ಔಷಧದಿಂದ ಆಗುವ ಅಡ್ಡಪರಿಣಾಮ ಬೇರೆ. ಔಷಧವೇ ಕಳಪೆಯಾಗಿರುವುದು ಬೇರೆ. ಬಾಟಲಿಯಲ್ಲಿ ಕಸ ತೇಲುವುದು, ದ್ರಾವಣ ಮಸುಕಾಗಿರುವುದು, ಗುಳಿಗೆ ಪುಡಿಯಾಗಿರುವುದು, ಒಂದೇ ಬ್ಯಾಚಿನಿಂದ ಹಲವರಿಗೆ ಚಳಿ-ನಡುಕ ಬರುವುದು, ಇಂತಹ ಸಂದರ್ಭದಲ್ಲಿ ಮೇಲಿನ ವರದಿಯ ಜೊತೆಗೆ ಔಷಧ ಆಡಳಿತ ಇಲಾಖೆಗೂ ಮಾಹಿತಿ ಹೋಗಬೇಕು. 1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದಡಿ ಔಷಧ ಪರಿವೀಕ್ಷಕರು ಮಾದರಿ ಸಂಗ್ರಹಿಸಿ ಸರ್ಕಾರಿ ವಿಶ್ಲೇಷಕರ ಪರೀಕ್ಷೆಗೆ ಕಳುಹಿಸುವ ಅಧಿಕಾರ ಹೊಂದಿದ್ದಾರೆ. ಔಷಧ ಖರೀದಿಸಿದ ಸಾಮಾನ್ಯ ವ್ಯಕ್ತಿಯೂ ನಿಗದಿತ ಶುಲ್ಕ ನೀಡಿ ಅದನ್ನು ಪರೀಕ್ಷೆಗೆ ಒಳಪಡಿಸಲು ಅದೇ ಅಧಿನಿಯಮದ 26ನೇ ಕಲಮಿನಲ್ಲಿ ಅವಕಾಶವಿದೆ.

ಆಸ್ಪತ್ರೆಯಲ್ಲಿ ಇಂತಹ ಸಂಶಯ ಬಂದ ಕೂಡಲೇ ಆ ಬ್ಯಾಚಿನ ಉಳಿದ ದಾಸ್ತಾನನ್ನು ಬೇರ್ಪಡಿಸಿ, ಬಳಕೆ ನಿಲ್ಲಿಸಿ, ಮೇಲಧಿಕಾರಿಗಳಿಗೆ ತಿಳಿಸುವುದು ಅಗತ್ಯ. ಬಳಸಿದ ಬಾಟಲಿ ಕಸದ ಬುಟ್ಟಿ ಸೇರಿದರೆ ಬ್ಯಾಚ್ ಸಂಖ್ಯೆಯೂ ಅದರೊಂದಿಗೆ ಹೋಗುತ್ತದೆ. ಒಂದೇ ಹೆಸರಿನ ಔಷಧದ ನೂರಾರು ಬ್ಯಾಚ್‌ಗಳು ರಾಜ್ಯದಲ್ಲಿರುವಾಗ, ಯಾವುದನ್ನು ತಡೆಹಿಡಿಯಬೇಕೆಂಬುದು ಆ ಸಂಖ್ಯೆಯಿಂದಲೇ ತಿಳಿಯುತ್ತದೆ.

ಗ್ರಾಮ ಪಂಚಾಯತಿ ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಆಶಾ ಕಾರ್ಯಕರ್ತೆಯರೊಂದಿಗೆ ಚರ್ಚಿಸುವುದು.

2. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿರುವ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳುವುದು: ವರದಿ ನಮೂನೆಗಳು ಕೇಂದ್ರದಲ್ಲಿವೆಯೇ? ವರದಿಗಳನ್ನು ಯಾವ ನಿಗಾ ಕೇಂದ್ರಕ್ಕೆ ಕಳುಹಿಸಲಾಗುತ್ತದೆ? ಔಷಧ ವಿತರಣಾ ವಹಿಯಲ್ಲಿ ಬ್ಯಾಚ್ ಸಂಖ್ಯೆ ನಮೂದಾಗುತ್ತಿದೆಯೇ? ಎಷ್ಟು ವರದಿ ಹೋಗಿದೆ ಎಂಬ ಸಂಖ್ಯೆಯನ್ನು ಆಕ್ಷೇಪಣೆಗೆ ಬಳಸಬಾರದು. ವರದಿಗಳಿರುವ ಆಸ್ಪತ್ರೆ ಕೆಟ್ಟದ್ದೆಂದೂ ವರದಿಯೇ ಇಲ್ಲದ ಆಸ್ಪತ್ರೆ ಒಳ್ಳೆಯದೆಂದೂ ಭಾವಿಸುವುದು ತಪ್ಪು.

3. 1800-180-3024 ಸಹಾಯವಾಣಿ ಸಂಖ್ಯೆಯನ್ನು ಪಂಚಾಯತಿ ಕಚೇರಿ, ಅಂಗನವಾಡಿ ಹಾಗೂ ಉಪಕೇಂದ್ರದ ಗೋಡೆಯ ಮೇಲೆ ಬರೆಸುವುದು. ಅದರ ಪಕ್ಕದಲ್ಲಿ ತುರ್ತು ಸಂದರ್ಭಕ್ಕೆ 108 ಎಂದು ಸ್ಪಷ್ಟವಾಗಿ ನಮೂದಿಸುವುದು.

4. ಔಷಧದ ಪಟ್ಟಿ, ಬಾಟಲಿ, ವೈದ್ಯರ ಚೀಟಿ ಮತ್ತು ಅಂಗಡಿಯ ರಸೀದಿಯನ್ನು ಎಸೆಯಬಾರದೆಂದು ಗ್ರಾಮ ಸಭೆ ಹಾಗೂ ಸ್ವಸಹಾಯ ಸಂಘಗಳ ಸಭೆಗಳಲ್ಲಿ ತಿಳಿಸುವುದು. ಗುಳಿಗೆ ಪಟ್ಟಿಯಿಂದ ಕತ್ತರಿಸಿ ನುಂಗುವಾಗ ಬ್ಯಾಚ್ ಸಂಖ್ಯೆ ಮುದ್ರಿತವಾಗಿರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳುವಂತೆ ಹೇಳುವುದು.

5. ತೊಂದರೆಯಾದ ಮನೆಯವರೊಂದಿಗೆ ಆಸ್ಪತ್ರೆಗೆ ಹೋದಾಗ ಮೊದಲು ರೋಗಿಯ ಚಿಕಿತ್ಸೆಗೆ, ಅನಂತರ ವರದಿಯು ದಾಖಲಾಗುವುದಕ್ಕೆ ನೆರವಾಗುವುದು. ಸಿಬ್ಬಂದಿಯ ಮೇಲೆ ಒತ್ತಡ ಹೇರದಂತೆ ಗುಂಪನ್ನು ತಡೆಯುವುದು.

6. ರೋಗಿಯ ಹೆಸರು, ಕಾಯಿಲೆ, ಭಾವಚಿತ್ರಗಳನ್ನು ಮೊಬೈಲ್ ಗುಂಪುಗಳಲ್ಲಿ ಹಂಚಿಕೊಳ್ಳದಿರುವುದು.

ಬಳ್ಳಾರಿಯ ಐವರು ತಾಯಂದಿರ ಮನೆಗಳಲ್ಲಿ ತಾಯಿಯ ಮುಖವನ್ನೇ ಕಾಣದ ಮಕ್ಕಳು ಬೆಳೆಯುತ್ತಿದ್ದಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳ ಹೆರಿಗೆ ಕೋಣೆಗಳಲ್ಲಿಯೂ ದಿನನಿತ್ಯ ಇಂತಹುದೇ ಬಾಟಲಿಗಳು ತೂಗುಹಾಕಲ್ಪಡುತ್ತವೆ. ಅವುಗಳಲ್ಲಿ ಬಹುತೇಕ ಎಲ್ಲವೂ ಜೀವ ಉಳಿಸುತ್ತವೆ. ಎಂದಾದರೂ ಒಂದು ದಿನ ರಾತ್ರಿ ಪಾಳಿಯ ಶುಶ್ರೂಷಾಧಿಕಾರಿಗೆ ಬಾಟಲಿಯ ಬಗ್ಗೆ ಸಂಶಯ ಬಂದರೆ, ಅವರು ಯಾರಿಗೂ ಹೆದರದೆ ಅದರ ಬ್ಯಾಚ್ ಸಂಖ್ಯೆಯನ್ನು ಬರೆದಿಡುವಂತಹ ವಾತಾವರಣವನ್ನು ಊರಿನಲ್ಲಿ ನಿರ್ಮಿಸುವುದು ಚುನಾಯಿತ ಸದಸ್ಯರಿಂದ ಸಾಧ್ಯ. ಈ ಲೇಖನದಲ್ಲಿರುವ ಮಾಹಿತಿಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ಮೇಲಿನ ಕ್ರಮಗಳ ಬಗ್ಗೆ ನಿರ್ಣಯ ಕೈಗೊಳ್ಳುವಂತೆ ಎಲ್ಲ ಮಾನ್ಯ ಸದಸ್ಯರನ್ನು ಕೋರಲಾಗಿದೆ.